ಆರು ಅಕ್ಷರದ ಹೆಸರಿಗೆ ಎಷ್ಟು ಜಾಗ?

ಹ್ಯಾಮ್ ಎಂದು ಕರೆಯುವ ಹವ್ಯಾಸಿ ರೇಡಿಯೋದವರ ಪ್ಯಾಕೆಟ್ ಜಾಲದಲ್ಲಿ ಒಂದು ಪುಟ್ಟ ಸಂದೇಶ ಸದಾ ಓಡಾಡುತ್ತಿರುತ್ತದೆ. ‘ಇಲ್ಲಿಯವರೆಗೆ ಕಳಿಸಿದ್ದು ಸಿಕ್ಕಿದೆ, ಮುಂದಿನದು ಕಳಿಸು’ ಎನ್ನುವುದಷ್ಟೇ ಅದರ ಸಾರ. ಇಷ್ಟು ಹೇಳುವುದಕ್ಕೆ ಒಂದು ಬೈಟ್ ಸಾಕು. ಆ ಬೈಟಿನೊಳಗೂ ನಿಜವಾದ ಸುದ್ದಿ ಇರುವುದು ಮೂರೇ ಬಿಟ್‌ಗಳಲ್ಲಿ; ಮುಂದೆ ಬರಬೇಕಾದ ಫ್ರೇಮಿನ, ಅಂದರೆ ಸಂದೇಶದ ಕಂತಿನ, ಕ್ರಮಸಂಖ್ಯೆ ಅದು. ಆದರೆ ಆ ಒಂದು ಬೈಟಿನ ಮುಂದೆ 14 ಬೈಟ್‌ಗಳಷ್ಟು ವಿಳಾಸ ಕೂತಿರುತ್ತದೆ. ಯಾರಿಗೆ ಎನ್ನುವುದಕ್ಕೆ 7, ಯಾರಿಂದ ಎನ್ನುವುದಕ್ಕೆ 7. ಹಿಂದೆ ತಪ್ಪು ಪತ್ತೆಹಚ್ಚುವ 2 ಬೈಟ್, ಆಚೀಚೆ ಗಡಿ ಗುರುತಿನ ಒಂದೊಂದು ಬೈಟ್. ಒಟ್ಟು 19ರಲ್ಲಿ 14 ಹೆಸರುಗಳಿಗೇ ಹೋಯಿತು.

ಇಷ್ಟು ಸಣ್ಣ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಕೇ ಎನ್ನಿಸಬಹುದು. ಕೆಡಿಸಿಕೊಳ್ಳಲೇಬೇಕು. ಹವ್ಯಾಸಿ ಪ್ಯಾಕೆಟ್ ರೇಡಿಯೋದ ರೂಢಿಯ ವೇಗ ಸೆಕೆಂಡಿಗೆ 1200 ಬಿಟ್, ಅಂದರೆ 150 ಬೈಟ್. ಮಾತಿಗೆಂದು ಮಾಡಿದ ವಿಎಚ್‌ಎಫ್ ಸೆಟ್‌ಗೆ ಮೈಕಿನ ಜಾಗದಲ್ಲಿ ಮೋಡೆಮ್ ಜೋಡಿಸಿ, 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರಗಳನ್ನು ಅದಲುಬದಲು ಮಾಡುತ್ತ ಬಿಟ್‌ಗಳನ್ನು ಕಳಿಸುವ ವ್ಯವಸ್ಥೆ ಇದು. ಶಾರ್ಟ್‌ವೇವ್‌ನಲ್ಲಾದರೆ ವೇಗ 300 ಬಿಟ್‌ಗೆ ಇಳಿಯುತ್ತದೆ. ಅದೂ ಒಬ್ಬರಿಗೇ ಸಿಗುವ ದಾರಿಯಲ್ಲ. ಒಂದೇ ಫ್ರೀಕ್ವೆನ್ಸಿಯಲ್ಲಿ ಕೂತ ಎಲ್ಲರೂ ಹಂಚಿಕೊಳ್ಳಬೇಕು. ಇಬ್ಬರು ಒಟ್ಟಿಗೆ ಕಳಿಸಿದರೆ ಇಬ್ಬರದೂ ಹಾಳು. ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ 1971ರಲ್ಲಿ ದ್ವೀಪಗಳ ನಡುವೆ ಅಲೋಹಾ ಎಂಬ ರೇಡಿಯೋ ಜಾಲ ನಡೆಸಿದಾಗ ಈ ಕಷ್ಟಕ್ಕೆ ಒಂದು ಲೆಕ್ಕ ಸಿಕ್ಕಿತು. ಯಾರು ಬೇಕಾದರೂ ಯಾವಾಗ ಬೇಕಾದರೂ ಕಳಿಸಬಹುದಾದ ದಾರಿಯಲ್ಲಿ, ಎಲ್ಲವೂ ಸರಿಯಿದ್ದರೂ, ಶೇ 18ರಷ್ಟು ಸಮಯ ಮಾತ್ರ ಉಪಯೋಗಕ್ಕೆ ಬರುತ್ತದೆ. ಹೊರಡುವ ಮುನ್ನ ದಾರಿ ಖಾಲಿಯಿದೆಯೇ ಎಂದು ಕಿವಿಗೊಟ್ಟು ನೋಡುವ ಇಂದಿನ ಪದ್ಧತಿಯಿಂದ ಪರಿಸ್ಥಿತಿ ಸುಧಾರಿಸಿದೆ. ಆದರೂ ಗುಡ್ಡದ ಈಚೆಯವನಿಗೆ ಆಚೆಯವನ ದನಿ ಕೇಳದಿದ್ದರೆ, ನಡುವೆ ತುದಿಯ ಮೇಲಿರುವ ನಿಲಯದ ಕಿವಿಯಲ್ಲಿ ಇಬ್ಬರೂ ಡಿಕ್ಕಿ ಹೊಡೆಯುತ್ತಾರೆ. ಫ್ರೇಮ್ ಎಷ್ಟು ಉದ್ದವೋ ಡಿಕ್ಕಿಗೆ ಅಷ್ಟು ಅವಕಾಶ. ವಿಳಾಸವನ್ನು ಮೊಟಕು ಮಾಡುವ ಹಂಬಲ ಹುಟ್ಟಿದ್ದು ಇಲ್ಲಿಂದ.

ಆ 7 ಬೈಟ್‌ಗಳನ್ನು ಬಿಡಿಸಿ ನೋಡೋಣ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವ ಅಮೆರಿಕದ ಗಗನಯಾನಿಗಳ ರೇಡಿಯೋ ಪರವಾನಗಿಯ ಹೆಸರು, ಅಂದರೆ ಕಾಲ್‌ಸೈನ್ ಎನ್‌ಎ1ಎಸ್‌ಎಸ್. ಇಂಗ್ಲಿಷ್ ಬರಹದಲ್ಲಿ ಐದೇ ಗುರುತು. ಒಂದೊಂದಕ್ಕೂ ಆಸ್ಕಿ ಪಟ್ಟಿಯಲ್ಲಿ ಒಂದು ಸಂಖ್ಯೆ ಇದೆ: ಎನ್‌ಗೆ 78, ಎಗೆ 65, 1ಕ್ಕೆ 49, ಎಸ್‌ಗೆ 83. ಈ ಸಂಖ್ಯೆಗಳನ್ನು ಒಂದು ಬಿಟ್ ಎಡಕ್ಕೆ ಸರಿಸುತ್ತಾರೆ, ಎರಡರಿಂದ ಗುಣಿಸಿದಂತೆ. ಹಾಗಾಗಿ ಗಾಳಿಯಲ್ಲಿ ಹೋಗುವುದು 156, 130, 98, 166, 166. ಆರನೆಯ ಸ್ಥಾನದಲ್ಲಿ ಅಕ್ಷರವೇ ಇಲ್ಲ. ಅಲ್ಲಿಗೆ ಖಾಲಿ ಜಾಗದ ಸಂಖ್ಯೆ 32, ದುಪ್ಪಟ್ಟಾಗಿ 64. ಇಲ್ಲದ ಅಕ್ಷರಕ್ಕೂ ಇಡೀ ಒಂದು ಬೈಟ್ ಖರ್ಚು. ಏಳನೆಯ ಬೈಟಿನಲ್ಲಿ ಎಸ್‌ಎಸ್‌ಐಡಿ ಎಂಬ ಉಪಸಂಖ್ಯೆ, 0ಯಿಂದ 15ರವರೆಗೆ. ಒಬ್ಬರದೇ ಕಾಲ್‌ಸೈನ್‌ನಲ್ಲಿ ಮನೆಯ ಸೆಟ್ ಒಂದು, ಕಾರಿನದು ಇನ್ನೊಂದು, ಕೈಯಲ್ಲಿ ಹಿಡಿದದ್ದು ಮತ್ತೊಂದು ಇರಬಹುದಲ್ಲ. ಅವುಗಳನ್ನು ಬೇರ್ಪಡಿಸಲು ಅದು ಬೇಕು. ಕಾರಿನ ಸೆಟ್‌ಗೆ 9 ಎನ್ನುವುದು ಈಗ ರೂಢಿಯೇ ಆಗಿದೆ.

ಎಡಕ್ಕೆ ಸರಿಸುವುದೇಕೆ ಎನ್ನುವುದಕ್ಕೂ ಒಂದು ಕಾರಣವಿದೆ. ಈ ಫ್ರೇಮಿನ ಮೂಲ ಅಚ್ಚು ಎಚ್‌ಡಿಎಲ್‌ಸಿ ಎಂಬ ಹಳೆಯ ಕಂಪ್ಯೂಟರ್ ಸಂಪರ್ಕ ಪದ್ಧತಿಯದು. ಅದರಲ್ಲಿ ವಿಳಾಸಕ್ಕೆ ಸಾಮಾನ್ಯವಾಗಿ ಒಂದೇ ಬೈಟ್. ಹೆಚ್ಚು ಬೇಕಿದ್ದರೆ ಪ್ರತಿ ಬೈಟಿನ ಕೊನೆಯ ಬಿಟ್ ಸೊನ್ನೆಯಾಗಿದ್ದಷ್ಟು ಹೊತ್ತು ವಿಳಾಸ ಮುಂದುವರಿಯುತ್ತದೆ, ಒಂದಾದಲ್ಲಿ ಮುಗಿಯುತ್ತದೆ. ಅಕ್ಷರಗಳನ್ನು ಎಡಕ್ಕೆ ತಳ್ಳಿದರೆ ಕೊನೆಯ ಬಿಟ್ ಖಾಲಿಯಾಗಿ ಈ ಸೂಚನೆಗೆ ಒದಗುತ್ತದೆ. ಒಂದು ಬೈಟಿನ ಅಂಕಣದಲ್ಲಿ ಇಡೀ ಹೆಸರು ಕೂರಿಸಲು ಕಂಡುಕೊಂಡ ಉಪಾಯ ಇದು, ಚೆನ್ನಾಗಿಯೇ ಇದೆ.

ಆದರೆ ದುಂದು ಎಷ್ಟು ಎಂದು ಗುಣಿಸಿ ನೋಡಬೇಕು. ಕಾಲ್‌ಸೈನ್‌ನಲ್ಲಿ ಬರುವುದು 26 ಇಂಗ್ಲಿಷ್ ಅಕ್ಷರ, 10 ಅಂಕಿ; ಖಾಲಿ ಜಾಗವನ್ನೂ ಸೇರಿಸಿದರೆ 37. ಆರು ಸ್ಥಾನಗಳಿಗೆ 37ನ್ನು ಆರು ಸಲ ಗುಣಿಸಿದರೆ 256 ಕೋಟಿ ಚಿಲ್ಲರೆ ಬರುತ್ತದೆ. 32 ಬಿಟ್‌ಗಳಲ್ಲಿ 429 ಕೋಟಿ ಬೇರೆ ಬೇರೆ ಸಂಖ್ಯೆಗಳನ್ನು ಬರೆಯಬಹುದು. ಅಂದರೆ ಜಗತ್ತಿನ ಯಾವ ಆರಕ್ಷರದ ಕಾಲ್‌ಸೈನ್ ಆದರೂ 4 ಬೈಟ್‌ಗಳಲ್ಲಿ ಹಿಡಿಯುತ್ತದೆ. 6 ಕೊಟ್ಟಿದ್ದಾರೆ. ಕಂಪ್ಯೂಟರ್ ಬಲ್ಲವರಿಗೆ ಇದು ಆಗ ಗೊತ್ತಿಲ್ಲದ್ದೇನೂ ಆಗಿರಲಿಲ್ಲ. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಯಂತ್ರಗಳಲ್ಲಿ 40 ಗುರುತುಗಳ ಅಕ್ಷರಮಾಲೆ ಇಟ್ಟುಕೊಂಡು ಮೂರು ಅಕ್ಷರಗಳನ್ನು 16 ಬಿಟ್‌ಗೆ ಹಿಂಡುವ ವಿಧಾನ ಈ ಫ್ರೇಮ್ ರೂಪುಗೊಳ್ಳುವುದಕ್ಕೂ ಮೊದಲೇ ಬಳಕೆಯಲ್ಲಿತ್ತು.

ಮೊದಲು ಬಂದವರು ಇನ್ನೂ ಕಡಿಮೆಯಲ್ಲಿ ಮುಗಿಸಿದ್ದರು. ಹವ್ಯಾಸಿಗಳ ಪ್ಯಾಕೆಟ್ ರೇಡಿಯೋ ಶುರುವಾಗಿದ್ದು ಕೆನಡಾದಲ್ಲಿ. 1978ರ ಮೇ 31ರಂದು ಮಾಂಟ್ರಿಯಲ್‌ನಲ್ಲಿ ಮೊದಲ ಪ್ರಸಾರ ನಡೆಯಿತು. ಅದೇ ದೇಶದ ಇನ್ನೊಂದು ತುದಿಯ ವ್ಯಾಂಕೂವರ್‌ನಲ್ಲಿ ಡಗ್ ಲಾಕ್‌ಹಾರ್ಟ್ ಮತ್ತು ಗೆಳೆಯರ ಗುಂಪು ಟರ್ಮಿನಲ್ ನೋಡ್ ಕಂಟ್ರೋಲರ್ ಎಂಬ ಪೆಟ್ಟಿಗೆಯನ್ನು ಕಟ್ಟಿತು. ಟಿಎನ್‌ಸಿ ಎಂದು ಹ್ಯಾಮ್‌ಗಳು ಇವತ್ತಿಗೂ ಕರೆಯುವುದು ಅದರ ಮರಿಗಳನ್ನೇ. ಆ ಗುಂಪಿನ ಪ್ರೋಟೊಕಾಲ್‌ನಲ್ಲಿ ವಿಳಾಸ ಒಂದೇ ಬೈಟ್. ನೀನು 12, ನಾನು 35, ಹೀಗೆ. ಇದಕ್ಕಿಂತ ಚಿಕ್ಕದು ಯಾವುದಿದೆ?

ಆದರೆ ಯಾರಿಗೆ ಯಾವ ಸಂಖ್ಯೆ ಎನ್ನುವುದನ್ನು ಯಾರೋ ಒಬ್ಬರು ಹಂಚಬೇಕು, ಆ ಪಟ್ಟಿಯನ್ನು ಎಲ್ಲರೂ ಇಟ್ಟುಕೊಂಡಿರಬೇಕು. ಪಕ್ಕದ ಊರಿನ ಗುಂಪಿನಲ್ಲೂ ಒಬ್ಬ 35 ಇರುತ್ತಾನೆ. ವಾತಾವರಣ ಅನುಕೂಲವಾದ ದಿನ ಇಬ್ಬರು 35ರ ಸಂಕೇತವೂ ಒಂದೇ ಕಡೆ ಕೇಳಿಸಿದರೆ ಗೊಂದಲ. ಒಂದು ಬೈಟಿನಲ್ಲಿ ಇರುವುದೇ 256 ಸಂಖ್ಯೆ. ಊರಿನ ಗೆಳೆಯರ ಬಳಗಕ್ಕೆ ಒಪ್ಪುವ ಏರ್ಪಾಟು ಖಂಡದಗಲಕ್ಕೆ ಹರಡಲಾರದು.

ಪಟ್ಟಿಯನ್ನು ನೆಚ್ಚಿದ ಇಂಥ ಚಿಕ್ಕ ವಿಳಾಸ ಹೊಸದೇನಲ್ಲ. ಹಳೆಯ ಅಂಗಡಿ, ಕಾರ್ಖಾನೆಗಳ ಲೆಟರ್‌ಹೆಡ್ ಕಂಡವರಿಗೆ ನೆನಪಿರಬಹುದು: ಮೂಲೆಯಲ್ಲಿ ‘ತಂತಿ’ ಎಂದು ಅಚ್ಚಾಗಿ ಮುಂದೆ ಒಂದೇ ಒಂದು ಪದ ಇರುತ್ತಿತ್ತು. ತಂತಿ ಕಳಿಸಲು ಪದದ ಲೆಕ್ಕದಲ್ಲಿ ಹಣ. ವಿಳಾಸದ ಪದಗಳೂ ಲೆಕ್ಕಕ್ಕೆ ಸೇರುತ್ತಿದ್ದವು. ಬೀದಿ, ಪೇಟೆ, ಬಾಗಿಲು ನಂಬರು ಎಲ್ಲವನ್ನೂ ಬರೆಯುವ ಬದಲು ಆ ಒಂದು ಪದ ಮತ್ತು ಊರಿನ ಹೆಸರು ಬರೆದರೆ ಮುಗಿಯಿತು. ಅದು ನಡೆಯುತ್ತಿದ್ದದ್ದು ತಾರು ಕಚೇರಿಯಲ್ಲಿ ಒಂದು ರಿಜಿಸ್ಟರ್ ಇದ್ದುದರಿಂದ. ಶುಲ್ಕ ಕಟ್ಟಿ ಹೆಸರು ನೋಂದಾಯಿಸಬೇಕಿತ್ತು, ಒಂದೇ ಹೆಸರು ಆ ಊರಿನಲ್ಲಿ ಇಬ್ಬರಿಗೆ ಸಿಗುತ್ತಿರಲಿಲ್ಲ. ಉದ್ದದ ವಿಳಾಸ ಇಲ್ಲವಾಗಿರಲಿಲ್ಲ, ತಂತಿಯಿಂದ ಇಳಿದು ರಿಜಿಸ್ಟರ್ ಸೇರಿತ್ತು. 2013ರ ಜುಲೈನಲ್ಲಿ ನಮ್ಮಲ್ಲಿ ತಂತಿ ಸೇವೆ ನಿಂತಾಗ ಆ ಒಂದು ಪದದ ವಿಳಾಸಗಳಿಗೂ ಅರ್ಥ ಉಳಿಯಲಿಲ್ಲ.

ವಿಳಾಸ ಚಿಕ್ಕದಾಗಿಸುವ ದಾರಿಗಳು ಮೂಲದಲ್ಲಿ ಎರಡೇ ಎಂದು ನನಗೆ ತೋರುತ್ತದೆ. ಒಂದು ಹಿಂಡುವುದು: ಹೆಸರು ಪೂರ್ತಿ ಅಲ್ಲೇ ಇರುತ್ತದೆ, ಬರೆಯುವ ರೀತಿಯಲ್ಲಿದ್ದ ಪೋಲನ್ನು ಮಾತ್ರ ತೆಗೆಯುತ್ತೇವೆ. ನಿಯಮ ಗೊತ್ತಿದ್ದ ಯಾರು ಬೇಕಾದರೂ, ಆ ಕ್ಷಣಕ್ಕೆ ರೇಡಿಯೋ ಹಚ್ಚಿದ ಅಪರಿಚಿತ ಕೂಡ, ಅದನ್ನು ಬಿಡಿಸಿಕೊಳ್ಳಬಹುದು. ಇನ್ನೊಂದು ಅಡ್ಡಹೆಸರು ಇಡುವುದು: ಪೂರ್ತಿ ಹೆಸರನ್ನು ಬೇರೆಲ್ಲೋ ಬರೆದಿಟ್ಟು ಇಲ್ಲಿ ಗುರುತು ಮಾತ್ರ ಕಳಿಸುತ್ತೇವೆ. ಪಟ್ಟಿ ಇದ್ದವನಿಗಷ್ಟೇ ಅದು ಅರ್ಥ. ಹ್ಯಾಮ್ ರೇಡಿಯೋದಲ್ಲಿ ಈ ಎರಡರ ವ್ಯತ್ಯಾಸ ತೀರಾ ಮುಖ್ಯ. ಏಕೆಂದರೆ ಅಲ್ಲಿ ವಿಳಾಸ ಎಂದರೆ ಪರವಾನಗಿಯ ಗುರುತು ಕೂಡ ಹೌದು.

ಮೇಲೆ ಕಂಡ 7 ಬೈಟಿನ ವಿಳಾಸ ಎಎಕ್ಸ್.25 ಎಂಬ ಪ್ರೋಟೊಕಾಲ್‌ನದು. ಅದನ್ನು ರೂಪಿಸಿದವರು ಈ ವ್ಯತ್ಯಾಸವನ್ನು ಸರಿಯಾಗಿ ಹಿಡಿದರು. ದೂರಸಂಪರ್ಕ ಸಂಸ್ಥೆಗಳು ಬಳಸುತ್ತಿದ್ದ ಎಕ್ಸ್.25 ಪ್ರೋಟೊಕಾಲನ್ನು ಹವ್ಯಾಸಿಗಳಿಗೆ ಒಗ್ಗಿಸುವ ಕೆಲಸ 1982ರಲ್ಲಿ ಒಂದು ರೂಪಕ್ಕೆ ಬಂತು. ಅಮೆರಿಕನ್ ರೇಡಿಯೋ ರಿಲೇ ಲೀಗ್ 1984ರ ಅಕ್ಟೋಬರ್‌ನಲ್ಲಿ ಅದರ ಎರಡನೆಯ ಆವೃತ್ತಿಯನ್ನು ಪ್ರಕಟಿಸಿತು. ಸಂಖ್ಯೆ ಹಂಚುವವರು ಯಾರು ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಸರಳ. ಹಂಚುವುದೇ ಬೇಡ, ಸರ್ಕಾರಗಳು ಈಗಾಗಲೇ ಹಂಚಿವೆ. ಪ್ರತಿ ದೇಶಕ್ಕೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕಾಲ್‌ಸೈನ್‌ನ ಮೊದಲ ಅಕ್ಷರಗಳನ್ನು ಗೊತ್ತುಮಾಡಿದೆ. ಭಾರತದ ಹ್ಯಾಮ್‌ಗಳದು ಸಾಮಾನ್ಯವಾಗಿ ವಿಯು2 ಅಥವಾ ವಿಯು3 ಎಂದು ಶುರುವಾಗುತ್ತದೆ, ಮುಂದೆ ಎರಡೋ ಮೂರೋ ಅಕ್ಷರ. ಬೆಂಗಳೂರಿನ ಹ್ಯಾಮ್‌ನ ಕಾಲ್‌ಸೈನ್ ಜಗತ್ತಿನಲ್ಲಿ ಇನ್ನೊಬ್ಬರಿಗೆ ಇಲ್ಲ. ಯಾರನ್ನೂ ಕೇಳದೆ, ಯಾವ ಪಟ್ಟಿಯನ್ನೂ ಇಳಿಸಿಕೊಳ್ಳದೆ, ಮೊದಲ ದಿನದಿಂದಲೇ ಅದು ವಿಳಾಸವಾಗಿ ನಡೆಯುತ್ತದೆ. ಪ್ರಸಾರ ಮಾಡುವವರು ತಮ್ಮ ಗುರುತು ಹೇಳಬೇಕೆಂಬ ಕಾನೂನಿನ ಷರತ್ತೂ ತಾನಾಗಿಯೇ ಪೂರೈಸುತ್ತದೆ. ಆ 14 ಬೈಟ್‌ಗಳನ್ನು ನಾನು ದುಬಾರಿ ಎನ್ನುತ್ತೇನೆ, ತಪ್ಪು ಎನ್ನುವುದಿಲ್ಲ.

ಖರ್ಚು ಮಿತಿಮೀರಿದ್ದು ದಾರಿ ಬರೆಯಲು ಹೊರಟಾಗ. ವಿಎಚ್‌ಎಫ್ ಅಲೆ ಹೆಚ್ಚು ದೂರ ಹೋಗದು. ನಡುವೆ ಡಿಜಿಪೀಟರ್ ಎಂಬ ಮರುಪ್ರಸಾರ ನಿಲಯಗಳು ಕೇಳಿಸಿಕೊಂಡದ್ದನ್ನು ಅದೇ ಫ್ರೀಕ್ವೆನ್ಸಿಯಲ್ಲಿ ಮತ್ತೆ ಹೇಳುತ್ತವೆ. ಯಾವ ಯಾವ ಡಿಜಿಪೀಟರ್ ಮೂಲಕ ಹೋಗಬೇಕು ಎನ್ನುವುದನ್ನು ಕಳಿಸುವವರೇ ವಿಳಾಸದ ಜೊತೆ ಬರೆಯಬೇಕು. ಹಾಗೆ 8 ಹೆಸರುಗಳವರೆಗೆ ಅವಕಾಶವಿತ್ತು. ಎಲ್ಲ ತುಂಬಿದರೆ 10 ವಿಳಾಸ, 70 ಬೈಟ್, 1200ರ ವೇಗದಲ್ಲಿ ಸುಮಾರು ಅರ್ಧ ಸೆಕೆಂಡ್. ಮೂಲ ಪ್ರಸಾರ ಒಂದು, ಮರುಪ್ರಸಾರ ಎಂಟು. ಒಟ್ಟು ಒಂಬತ್ತು ಸಲ ಅದೇ ಹೆಸರಿನ ಸಾಲು ಹರಿದು ನಾಲ್ಕು ಸೆಕೆಂಡಿಗೂ ಹೆಚ್ಚು ಹೊತ್ತು ದಾರಿ ಹಿಡಿದಿರುತ್ತಿತ್ತು, ಸಂದೇಶದ ಸಮಯ ಬೇರೆ. 1998ರ ಆವೃತ್ತಿಯಲ್ಲಿ ಈ 8ನ್ನು 2ಕ್ಕೆ ಇಳಿಸಿದರು.

ಇಲ್ಲಿ ಬಾಬ್ ಬ್ರೂನಿಂಗಾ ಅವರ ಹೆಸರು ಹೇಳಬೇಕು. ಅಮೆರಿಕದ ನೌಕಾ ಅಕಾಡೆಮಿಯಲ್ಲಿದ್ದ ಅವರು 2022ರಲ್ಲಿ ತೀರಿಕೊಂಡರು. ವಾಹನ, ಹವಾಮಾನ ಕೇಂದ್ರ, ಕೈಸೆಟ್‌ಗಳು ತಾವೆಲ್ಲಿದ್ದೇವೆ, ಏನು ನಡೆಯುತ್ತಿದೆ ಎಂದು ಸುತ್ತಲಿನ ಎಲ್ಲರಿಗೂ ಸಾರುತ್ತಿರುವ ಎಪಿಆರ್‌ಎಸ್ ವ್ಯವಸ್ಥೆ ಅವರ ಕೂಸು. ಹೋಗುವ ಊರಿನಲ್ಲಿ ಯಾವ ಡಿಜಿಪೀಟರ್ ಇದೆಯೋ ಪ್ರಯಾಣಿಕರಿಗೆ ಗೊತ್ತಿರುವುದಿಲ್ಲ. ಹಾಗಾಗಿ ಎತ್ತರದಲ್ಲಿರುವ ಎಲ್ಲ ಡಿಜಿಪೀಟರ್‌ಗಳೂ ‘ವೈಡ್’ ಎಂಬ ಒಂದೇ ಸಾಮಾನ್ಯ ಹೆಸರಿಗೆ ಓಗೊಡಲಿ ಎಂದಾಯಿತು. ಮೂರು ಹೆಜ್ಜೆ ಹೋಗಬೇಕಾದರೆ ‘ವೈಡ್, ವೈಡ್, ವೈಡ್’ ಎಂದು 21 ಬೈಟ್ ಬರೆಯುವುದೇಕೆ? ‘ವೈಡ್3-3’ ಎಂದು ಒಂದೇ ವಿಳಾಸ ಸಾಕು. ಕೊನೆಯ 3 ಇರುವುದು ಎಸ್‌ಎಸ್‌ಐಡಿ ಜಾಗದಲ್ಲಿ. ಒಂದೊಂದು ಡಿಜಿಪೀಟರ್ ದಾಟಿದಂತೆ ಅದು 2, 1 ಎಂದು ಇಳಿಯುತ್ತದೆ. ಕಾರು-ಮನೆ ಗುರುತಿಸಲು ಇಟ್ಟ ನಾಲ್ಕು ಬಿಟ್‌ಗಳನ್ನೇ ಹೆಜ್ಜೆ ಎಣಿಸಲು ಹಚ್ಚಿದರು. ಹೊಸ ಪ್ರೋಟೊಕಾಲ್ ಬರೆಯಲಿಲ್ಲ, ಇದ್ದ ಪೆಟ್ಟಿಗೆಗಳನ್ನು ಬಿಸಾಡಲಿಲ್ಲ. ಬಾಹ್ಯಾಕಾಶ ನಿಲ್ದಾಣದಲ್ಲೂ ಇಂಥದೇ ಸಾಮಾನ್ಯ ಹೆಸರೊಂದಿದೆ, ‘ಎಆರ್‌ಐಎಸ್‌ಎಸ್’, 145.825 ಮೆಗಾಹರ್ಟ್ಸ್‌ನಲ್ಲಿ ಆ ಹೆಸರು ಬರೆದು ಕಳಿಸಿದರೆ ನಿಲ್ದಾಣ ಮರುಪ್ರಸಾರ ಮಾಡುತ್ತದೆ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ-ಸಿ30 ಹೊತ್ತೊಯ್ದ ಇಂಡೊನೇಷ್ಯಾದ ಲಾಪಾನ್-ಎ2 ಉಪಗ್ರಹದಲ್ಲೂ ಎಪಿಆರ್‌ಎಸ್ ಡಿಜಿಪೀಟರ್ ಇದೆ.

ವೈಡ್ ಕಥೆಯ ಎರಡನೆಯ ಭಾಗ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಮೊದಮೊದಲು ಸಂಖ್ಯೆ ಇಳಿಯುತ್ತಿತ್ತೇ ಹೊರತು ಯಾವ ಡಿಜಿಪೀಟರ್ ದಾಟಿ ಬಂತು ಎಂಬ ದಾಖಲೆ ಫ್ರೇಮಿನಲ್ಲಿ ಇರುತ್ತಿರಲಿಲ್ಲ. ಬೈಟ್ ಉಳಿಯಿತು, ಸುಳಿವು ಅಳಿಯಿತು. ಯಾರೋ ದೊಡ್ಡ ಸಂಖ್ಯೆ ಹಾಕಿ ಕಳಿಸಿದ ಪ್ಯಾಕೆಟ್‌ಗಳು ದೂರದ ಊರುಗಳ ದಾರಿಯನ್ನೆಲ್ಲ ತುಂಬಿದರೆ, ಎಲ್ಲಿಂದ ಹೇಗೆ ನುಗ್ಗಿದವು ಎಂದು ಪತ್ತೆ ಮಾಡುವಂತಿರಲಿಲ್ಲ. ಕಡೆಗೆ ಬ್ರೂನಿಂಗಾ ಅವರೇ ನಿಯಮ ಬದಲಿಸಿದರು: ವೈಡ್ ಹೆಸರಿಗೆ ಓಗೊಡುವ ಪ್ರತಿ ಡಿಜಿಪೀಟರ್ ತನ್ನ ಕಾಲ್‌ಸೈನನ್ನೂ ಫ್ರೇಮಿನಲ್ಲಿ ಸೇರಿಸಬೇಕು. ಹೆಜ್ಜೆಗೆ 7 ಬೈಟ್ ಮತ್ತೆ ಏರಿತು. ಉಳಿಸಿದ್ದನ್ನು ತಿಳಿದೂ ತಿಳಿದೂ ಖರ್ಚು ಮಾಡಿದ ಈ ತೀರ್ಮಾನದಲ್ಲಿ, ಜಾಲವನ್ನು ದಿನವೂ ಕಾಯುವವರ ವಿವೇಕ ಕಾಣುತ್ತದೆ.

ಅಡ್ಡಹೆಸರಿನ ದಾರಿ ಹಿಡಿದವರೂ ಇದ್ದರು. 1987ರ ಸುಮಾರಿಗೆ ಬಂದ ನೆಟ್‌ರಾಮ್ ಎಂಬ ತಂತ್ರಾಂಶದಲ್ಲಿ ದಾರಿ ಬರೆಯುವ ಹೊಣೆ ಬಳಕೆದಾರರದಲ್ಲ, ನೋಡ್ ಎಂಬ ನಡುವಿನ ನಿಲಯಗಳದು. ಸಂಪರ್ಕ ಏರ್ಪಟ್ಟ ಮೇಲೆ ಎರಡು ತುದಿಯ ನೋಡ್‌ಗಳು ಆ ಮಾತುಕತೆಯನ್ನು ಎರಡು ಬೈಟಿನ ಒಂದು ಗುರುತಿನಿಂದ ಹಿಡಿಯುತ್ತವೆ. ಜನರ ಅನುಕೂಲಕ್ಕೆ ಪ್ರತಿ ನೋಡ್‌ಗೂ ಊರನ್ನೋ ಬೆಟ್ಟವನ್ನೋ ನೆನಪಿಸುವ ಆರಕ್ಷರದೊಳಗಿನ ಅಡ್ಡಹೆಸರು. ಆದರೆ ಯಾವ ಅಡ್ಡಹೆಸರು ಯಾರದು, ಅಲ್ಲಿಗೆ ಯಾವ ನೆರೆಯವರ ಮೂಲಕ ಹೋಗಬೇಕು ಎನ್ನುವುದು ಎಲ್ಲ ನೋಡ್‌ಗೂ ಗೊತ್ತಿರಬೇಕಲ್ಲ? ಅದಕ್ಕಾಗಿ ಸಾಮಾನ್ಯವಾಗಿ ಗಂಟೆಗೊಮ್ಮೆ ಪ್ರತಿಯೊಂದು ನೋಡ್ ತನ್ನ ಪಟ್ಟಿಯನ್ನು ಸಾರುತ್ತದೆ. ಪಟ್ಟಿಯ ಒಂದು ಸಾಲಿಗೆ ಕಾಲ್‌ಸೈನ್ 7, ಅಡ್ಡಹೆಸರು 6, ನೆರೆಯವರ ಕಾಲ್‌ಸೈನ್ 7, ದಾರಿಯ ಗುಣಮಟ್ಟ 1: ಒಟ್ಟು 21 ಬೈಟ್. ನೂರು ನೋಡ್ ತಿಳಿದಿರುವ ಒಂದು ನಿಲಯ ತನ್ನ ಪಟ್ಟಿ ಓದಿ ಮುಗಿಸಲು 1200ರ ವೇಗದಲ್ಲಿ 14 ಸೆಕೆಂಡ್. ಅಷ್ಟೇ ಗೊತ್ತಿರುವ ಅದರ ನೆರೆಯದೂ ಮತ್ತೆ 14 ಸೆಕೆಂಡ್. ತಾರು ಕಚೇರಿಯ ರಿಜಿಸ್ಟರ್ ಕಪಾಟಿನಲ್ಲಿ ಸುಮ್ಮನಿರುತ್ತಿತ್ತು. ಇಲ್ಲಿ ಅದನ್ನು ಇಕ್ಕಟ್ಟಾದ ದಾರಿಯಲ್ಲೇ ಮತ್ತೆ ಮತ್ತೆ ಕೂಗಿ ಹೇಳಬೇಕು. ಚಿಕ್ಕ ಹೆಸರಿನ ಬೆಲೆ ಹೀಗೆ ಬೇರೊಂದು ಲೆಕ್ಕದಲ್ಲಿ ಬೀಳುತ್ತದೆ.

ಅಂತರ್ಜಾಲದ ಟಿಸಿಪಿ-ಐಪಿಯನ್ನೂ ಹ್ಯಾಮ್‌ಗಳು ಗಾಳಿಯಲ್ಲಿ ಓಡಿಸಿದರು. 44ರಿಂದ ಶುರುವಾಗುವ ಐಪಿ ವಿಳಾಸಗಳ ಇಡೀ ಗುಂಪೊಂದನ್ನು 1981ರಲ್ಲೇ ಹವ್ಯಾಸಿ ರೇಡಿಯೋಗೆಂದು ಪಡೆದಿಟ್ಟಿದ್ದರು. ಟಿಸಿಪಿ-ಐಪಿಯಲ್ಲಿ ಪ್ರತಿ ಪ್ಯಾಕೆಟ್‌ಗೂ 40 ಬೈಟ್ ತಲೆಬರಹ. 1990ರಲ್ಲಿ ವ್ಯಾನ್ ಜೇಕಬ್ಸನ್ ಅದನ್ನು 3ರಿಂದ 5 ಬೈಟ್‌ಗೆ ಇಳಿಸುವ ವಿಧಾನ ಕೊಟ್ಟರು: ಹಿಂದಿನ ಪ್ಯಾಕೆಟ್‌ಗೂ ಇದಕ್ಕೂ ಏನು ಬದಲಾಗಿದೆಯೋ ಅಷ್ಟನ್ನೇ ಹೇಳುವುದು. ನಿಧಾನದ ಟೆಲಿಫೋನ್ ಲೈನಿಗೆ ಅದು ವರವಾಯಿತು. ರೇಡಿಯೋದಲ್ಲಿ ಒಂದು ಪ್ಯಾಕೆಟ್ ಕಳೆದುಹೋದರೆ ಮುಂದಿನವಕ್ಕೆ ಆಧಾರವೇ ತಪ್ಪುತ್ತದೆ. ಹಾಗಾಗಿ ಎಎಕ್ಸ್.25ರ ಖಾತರಿ ರವಾನೆ ಕೆಳಗೆ ಇದ್ದಾಗ ಮಾತ್ರ ಇದರಿಂದ ಪ್ರಯೋಜನ.

ಹಿಂಡುವ ಜಾಣ್ಮೆಯ ಅತ್ಯುತ್ತಮ ಮಾದರಿಗೆ ಮತ್ತೆ ಬ್ರೂನಿಂಗಾ ಅವರ ಹತ್ತಿರವೇ ಹೋಗಬೇಕು. ಎಪಿಆರ್‌ಎಸ್ ಪ್ಯಾಕೆಟ್ ಯಾರೊಬ್ಬರಿಗೂ ಬರೆದದ್ದಲ್ಲ, ಕೇಳುವವರೆಲ್ಲರಿಗೂ ಬರೆದದ್ದು. ‘ಯಾರಿಗೆ’ ಎಂಬ 7 ಬೈಟ್ ಅಲ್ಲಿ ಸುಮ್ಮನೆ ಕೂತಿರುತ್ತದೆ, ಪ್ರೋಟೊಕಾಲ್ ಕೇಳುವುದರಿಂದ ಅದನ್ನು ಬಿಡುವಂತೆಯೂ ಇಲ್ಲ. ಮೈಕ್-ಇ ಎಂಬ ವಿಧಾನ ಆ ಜಾಗದಲ್ಲಿ ಅಕ್ಷಾಂಶವನ್ನು ಅಡಗಿಸುತ್ತದೆ.

ಬೆಂಗಳೂರಿನ ನಡುವೆ ನಿಂತ ಕಾರೊಂದನ್ನು ಊಹಿಸಿಕೊಳ್ಳಿ: ಉತ್ತರ ಅಕ್ಷಾಂಶ 12 ಡಿಗ್ರಿ 58.30 ನಿಮಿಷ, ಪೂರ್ವ ರೇಖಾಂಶ 77 ಡಿಗ್ರಿ ಚಿಲ್ಲರೆ. ಅಕ್ಷಾಂಶದ ಅಂಕಿಗಳು ಆರು: 1, 2, 5, 8, 3, 0. ವಿಳಾಸದ ಸ್ಥಾನಗಳೂ ಆರು. ಪ್ರತಿ ಅಂಕಿಯನ್ನು ಅಂಕಿಯಾಗಿಯೇ ಬರೆಯಬಹುದು, ಇಲ್ಲವೇ ಇಂಗ್ಲಿಷ್ ಅಕ್ಷರವಾಗಿ ಬರೆಯಬಹುದು: ಸೊನ್ನೆಗೆ ಪಿ, ಒಂದಕ್ಕೆ ಕ್ಯೂ, ಎರಡಕ್ಕೆ ಆರ್, ಹೀಗೆ ಒಂಬತ್ತಕ್ಕೆ ವೈ. ಯಾವುದನ್ನು ಆರಿಸಿದೆವು ಎನ್ನುವುದೇ ಇನ್ನೊಂದು ಸುದ್ದಿ ಹೇಳುತ್ತದೆ. ನಾಲ್ಕನೆಯ ಸ್ಥಾನ ಅಕ್ಷರವಾಗಿದ್ದರೆ ಉತ್ತರ ಗೋಳಾರ್ಧ, ಅದಕ್ಕೆ 8 ಹೋಗಿ ಎಕ್ಸ್ ಆಯಿತು. ಐದನೆಯದು ಅಂಕಿಯಾಗಿಯೇ ಉಳಿದರೆ ರೇಖಾಂಶಕ್ಕೆ ನೂರು ಕೂಡಿಸಬೇಕಿಲ್ಲ. ಆರನೆಯದು ಅಂಕಿಯಾಗಿದ್ದರೆ ಪೂರ್ವ. ಮೊದಲ ಮೂರು ಸ್ಥಾನ ಚಾಲಕರ ಸ್ಥಿತಿಗೆ: ಮೂರೂ ಅಕ್ಷರವಾದರೆ ‘ಕೆಲಸದಲ್ಲಿಲ್ಲ’. ಹಾಗಾಗಿ ಗಾಳಿಯಲ್ಲಿ ಹೊರಡುವ ವಿಳಾಸ ಕ್ಯೂಆರ್‌ಯುಎಕ್ಸ್30. ಅದೇ ಮೂರು ಸ್ಥಾನಗಳನ್ನು ಅಂಕಿಯಾಗಿ ಬಿಟ್ಟರೆ 125ಎಕ್ಸ್30. ಅದರ ಅರ್ಥ ‘ತುರ್ತು ಪರಿಸ್ಥಿತಿ’. ಜಾಗ ಒಂದೇ, ಬೈಟ್ ಒಂದೂ ಹೆಚ್ಚಿಲ್ಲ, ಆದರೆ ಎರಡನೆಯದು ಕಂಡಲ್ಲಿ ಕೇಳುವವರ ತೆರೆಯ ಮೇಲೆ ಎಚ್ಚರಿಕೆ ಮೂಡುತ್ತದೆ.

ರೇಖಾಂಶ, ವೇಗ, ದಿಕ್ಕು, ನಕ್ಷೆಯ ಮೇಲಿನ ಚಿಹ್ನೆ ಇಷ್ಟೂ ಮುಂದಿನ 9 ಬೈಟ್‌ಗಳಲ್ಲಿ. ಎರಡು ವಿಳಾಸ 14, ನಿಯಂತ್ರಣಕ್ಕೆ 2, ಸುದ್ದಿ 9: ಕೊನೆಯ ತಪ್ಪು ಪತ್ತೆ ಮತ್ತು ಗಡಿ ಗುರುತು ಬಿಟ್ಟರೆ ಒಟ್ಟು 25 ಬೈಟ್. ಕಳಿಸುವವರ ಕಾಲ್‌ಸೈನ್ ಮಾತ್ರ ಪೂರ್ತಿ, ಸ್ಪಷ್ಟ, ಇದ್ದ ಜಾಗದಲ್ಲೇ ಇದೆ. ಯಾರು ಎನ್ನುವುದನ್ನು ಮುಟ್ಟದೆ ಉಳಿದೆಲ್ಲವನ್ನೂ ಹಿಂಡಿದ್ದಾರೆ. ತುರ್ತು ಸಂಕೇತ ಹೊಮ್ಮಿಸಿದ ಕಾರು ಯಾರದೆಂದು ಹತ್ತಿರದ ಯಾವ ಅಪರಿಚಿತ ಹ್ಯಾಮ್‌ಗೂ ತಿಳಿಯುತ್ತದೆ.

ಮೈಕ್-ಇ ಇಷ್ಟು ಕಿರಿದಾಗಬೇಕಾದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ರೇಡಿಯೋ ಸೆಟ್ ಗುಂಡಿ ಒತ್ತಿದ ಕೂಡಲೇ ಪ್ರಸಾರಕ್ಕೆ ಸಿದ್ಧವಾಗುವುದಿಲ್ಲ. ಟ್ರಾನ್ಸ್‌ಮಿಟರ್ ನೆಲೆಗೊಳ್ಳಬೇಕು, ಆ ಕಡೆಯ ರಿಸೀವರ್ ಬಾಯಿ ತೆರೆಯಬೇಕು. ಅದಕ್ಕೆಂದು ಸಾಮಾನ್ಯವಾಗಿ 300 ಮಿಲಿಸೆಕೆಂಡ್ ಕಾಯುತ್ತಾರೆ. 1200ರ ವೇಗದಲ್ಲಿ ಅಷ್ಟು ಹೊತ್ತು ಎಂದರೆ 45 ಬೈಟ್! ವಿಳಾಸದಲ್ಲಿ 4 ಬೈಟ್ ಉಳಿಸಿದ ಸಂತೋಷವನ್ನು ಈ ಕಾಯುವಿಕೆ ನುಂಗಿಬಿಡುತ್ತದೆ. ವಿಳಾಸ ಹಿಂಡುವ ಉತ್ಸಾಹಿಗಳು ಈ ಲೆಕ್ಕವನ್ನು ಮೊದಲು ಮಾಡಬೇಕೆಂದು ನನ್ನ ಆಗ್ರಹ. ಮೈಕ್-ಇ ಅದನ್ನೂ ಗೆದ್ದಿತು. ಮಾತು ಮುಗಿಸಿ ಮೈಕಿನ ಗುಂಡಿ ಬಿಡುವ ಕ್ಷಣದಲ್ಲಿ, ಸೆಟ್ ಇನ್ನೂ ಪ್ರಸಾರದಲ್ಲಿರುವಾಗಲೇ, ಮಾತಿನ ಬಾಲಕ್ಕೆ ಈ 25 ಬೈಟ್ ಅಂಟಿಸಿ ಕಳಿಸುವುದು ಅದರ ಮೂಲ ಉದ್ದೇಶ. ಹೊಸದಾಗಿ ಕಾಯಬೇಕಿಲ್ಲ, ಕೇಳುವವರ ಕಿವಿಗೆ ಚುರ್ ಎಂಬ ಒಂದು ಸದ್ದು, ಅಷ್ಟೇ.

ಪ್ಯಾಕೆಟ್ ರೇಡಿಯೋದ ಹತ್ತಿರದ ಬಂಧುವೊಂದು ಈ ಲೆಕ್ಕವನ್ನು ಕೊನೆಯ ಬಿಟ್‌ವರೆಗೂ ಮಾಡಿದೆ. ಜೋಡಿ ನಕ್ಷತ್ರದ ಪಲ್ಸಾರ್ ಕಂಡುಹಿಡಿದು 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜೋ ಟೇಲರ್ ಹ್ಯಾಮ್ ಕೂಡ. ಅವರು ಸ್ಟೀವನ್ ಫ್ರಾಂಕ್ ಜೊತೆ ಸೇರಿ 2017ರಲ್ಲಿ ಎಫ್‌ಟಿ8 ಎಂಬ ವಿಧಾನ ಹೊರತಂದರು. ಕಿವಿಗೆ ಕೇಳದಷ್ಟು ಕ್ಷೀಣ ಸಂಕೇತದಲ್ಲೂ ಸುದ್ದಿ ದಾಟಿಸಬೇಕು. ಅದಕ್ಕೆ ಸುಮಾರು 13 ಸೆಕೆಂಡ್ ಪ್ರಸಾರದಲ್ಲಿ 77 ಬಿಟ್ ಸುದ್ದಿ ಮಾತ್ರ. ಅದರೊಳಗೆ ಎರಡು ಕಾಲ್‌ಸೈನ್ ಮತ್ತು ಒಂದು ಸ್ಥಳಸೂಚಿ ಹಿಡಿಯಬೇಕು.

ಅವರು ಕಾಲ್‌ಸೈನ್‌ನ ಒಂದೊಂದು ಸ್ಥಾನವನ್ನೂ ಪ್ರಶ್ನಿಸಿದರು. ಮೊದಲ ಸ್ಥಾನದಲ್ಲಿ ಅಕ್ಷರ, ಅಂಕಿ ಅಥವಾ ಖಾಲಿ: 37 ಸಾಧ್ಯತೆ. ಎರಡನೆಯದು ಖಾಲಿ ಇರದು: 36. ಮೂರನೆಯದು ಅಂಕಿಯೇ: 10. ಕೊನೆಯ ಮೂರು ಅಕ್ಷರ ಅಥವಾ ಖಾಲಿ: ತಲಾ 27. ಎಲ್ಲ ಗುಣಿಸಿದರೆ 26,21,77,560. ನಮ್ಮ ವಿಯು2, ವಿಯು3ಗಳೂ ಈ ಅಚ್ಚಿಗೆ ಸರಿಯಾಗಿ ಕೂರುತ್ತವೆ. 28 ಬಿಟ್‌ಗಳಲ್ಲಿ ಬರೆಯಬಹುದಾದದ್ದು 26,84,35,456. ಉಳಿದದ್ದನ್ನೂ ಬಿಡಲಿಲ್ಲ: 20,63,592ನ್ನು ‘ಯಾರಾದರೂ ಇದ್ದೀರಾ’ ಎಂಬ ಸಿಕ್ಯೂ ಕರೆ ಮತ್ತಿತರ ವಿಶೇಷ ಪದಗಳಿಗೆ, 41,94,304ನ್ನು ಅಚ್ಚಿಗೆ ಕೂರದ ಕಾಲ್‌ಸೈನ್‌ಗಳಿಗೆ ಇಟ್ಟರು. ಕೂಡಿ ನೋಡಿ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಎಎಕ್ಸ್.25ರ ಒಂದು ವಿಳಾಸಕ್ಕೆ 56 ಬಿಟ್. ಅಷ್ಟೇ ಜಾಗದಲ್ಲಿ ಎಫ್‌ಟಿ8 ಇಬ್ಬರ ಹೆಸರು ಬರೆಯುತ್ತದೆ. ಸ್ಥಳಸೂಚಿಗೆ 15 ಬಿಟ್. ಭೂಮಿಯನ್ನು 32,400 ಚೌಕಗಳಾಗಿ ಸೀಳಿದ ಪದ್ಧತಿ ಅದು. ಬೆಂಗಳೂರು, ಮೈಸೂರು ಎರಡೂ ಎಂಕೆ82 ಚೌಕದಲ್ಲಿ, ಮಂಗಳೂರು ಎಂಕೆ72ರಲ್ಲಿ.

ಅಚ್ಚಿಗೆ ಕೂರದವರ ಗತಿ? ಉತ್ಸವ, ವಾರ್ಷಿಕೋತ್ಸವಗಳಿಗೆ ಕೊಡುವ ಉದ್ದನೆಯ ವಿಶೇಷ ಕಾಲ್‌ಸೈನ್‌ಗಳನ್ನು ಗಣಿತದ ಸೂತ್ರವೊಂದರಲ್ಲಿ ಅರೆದು 22 ಬಿಟ್‌ನ, ಕೆಲವೆಡೆ 12 ಅಥವಾ 10 ಬಿಟ್‌ನ ಸಂಕ್ಷಿಪ್ತ ಸಂಖ್ಯೆ ತೆಗೆಯುತ್ತಾರೆ. ಸಂಖ್ಯೆಯಿಂದ ಹೆಸರಿಗೆ ಹಿಂದಿರುಗುವ ದಾರಿ ಇಲ್ಲ. ಆ ಹೆಸರನ್ನು ಮೊದಲೊಮ್ಮೆ ಪೂರ್ತಿಯಾಗಿ ಕೇಳಿಸಿಕೊಂಡ ಕಂಪ್ಯೂಟರ್ ಮಾತ್ರ ಹೊಂದಿಸಿ ತೋರಿಸಬಲ್ಲದು. ತಡವಾಗಿ ಬಂದವರ ತೆರೆಯ ಮೇಲೆ ಆ ಜಾಗದಲ್ಲಿ ಕಾಣುವುದು ಕೋನಾವರಣದೊಳಗಿನ ಮೂರು ಚುಕ್ಕಿ. ಅಡ್ಡಹೆಸರಿನ ಕೊರತೆ ಇಷ್ಟು ಬರಿಗಣ್ಣಿಗೆ ಬೇರೆಲ್ಲೂ ಕಾಣಸಿಗದು. ಟೇಲರ್ ಮತ್ತು ಸಂಗಡಿಗರು ಅದನ್ನು ಹೊರದಾರಿಯಾಗಿ ಮಾತ್ರ ಇಟ್ಟು, ಬಹುಪಾಲು ಜನರಿಗೆ ಹಿಂಡಿದ ಪೂರ್ತಿ ಹೆಸರನ್ನೇ ಕೊಟ್ಟಿರುವುದು ಸರಿಯಾದ ಆಯ್ಕೆ.

2019ರಲ್ಲಿ ಪೋಲೆಂಡಿನಲ್ಲಿ ಶುರುವಾಗಿ ಈಗ ಹಲವು ದೇಶಗಳ ಹವ್ಯಾಸಿಗಳು ಒಟ್ಟಾಗಿ ಬೆಳೆಸುತ್ತಿರುವ ಎಂ17 ಎಂಬ ಡಿಜಿಟಲ್ ಪ್ರೋಟೊಕಾಲ್‌ನಲ್ಲಿ ಮಾತೂ ಹೋಗುತ್ತದೆ, ಪ್ಯಾಕೆಟ್ಟೂ ಹೋಗುತ್ತದೆ. ಅದರ ವಿಳಾಸಕ್ಕೆ 48 ಬಿಟ್. ಅಕ್ಷರ, ಅಂಕಿ, ಖಾಲಿ ಜಾಗ, ಅಡ್ಡಗೆರೆ, ಓರೆಗೆರೆ, ಚುಕ್ಕಿ ಸೇರಿ 40 ಗುರುತು. 40ನ್ನು ಒಂಬತ್ತು ಸಲ ಗುಣಿಸಿದರೆ 262 ಲಕ್ಷ ಕೋಟಿ. 48 ಬಿಟ್‌ನ ಮಿತಿ 281 ಲಕ್ಷ ಕೋಟಿ. ಹಾಗಾಗಿ 9 ಗುರುತುಗಳ ಹೆಸರು ಆರಾಮವಾಗಿ ಹಿಡಿಯುತ್ತದೆ. ಊರು ಬಿಟ್ಟು ಹೋದಾಗ ಹ್ಯಾಮ್‌ಗಳು ಕಾಲ್‌ಸೈನ್‌ನ ಕೊನೆಗೆ ಸೇರಿಸುವ ಓರೆಗೆರೆ ಮತ್ತು ಪಿ ಅಕ್ಷರಕ್ಕೆ ಎಎಕ್ಸ್.25ರಲ್ಲಿ ಜಾಗವೇ ಇರಲಿಲ್ಲ, ಇದರಲ್ಲಿ ಇದೆ. ಎಎಕ್ಸ್.25 ಆರು ಗುರುತುಗಳಿಗೆ 7 ಬೈಟ್ ಕೇಳುತ್ತಿತ್ತು, ಇದು ಒಂಬತ್ತಕ್ಕೆ 6 ಬೈಟ್ ಸಾಕೆನ್ನುತ್ತದೆ. ಬಿಡಿಸಿ ಓದಲು ಯಾರ ಪಟ್ಟಿಯೂ ಬೇಡ. 40ರಿಂದ ಭಾಗಿಸುತ್ತ ಹೋದರೆ ಶೇಷವಾಗಿ ಒಂದೊಂದೇ ಅಕ್ಷರ ಹೊರಬರುತ್ತದೆ. ಎಎಕ್ಸ್.25 ಬರೆದವರು ಬಯಸಿದ್ದು ಇಂಥ ವಿಳಾಸವನ್ನೇ. ಅವರ ಕಾಲದ ಎಂಟು ಬಿಟ್ ಪ್ರೊಸೆಸರ್‌ಗಳಿಗೆ ಇಷ್ಟು ದೊಡ್ಡ ಭಾಗಾಕಾರ ಹೊರೆಯಾಗುತ್ತಿತ್ತು, ಈಗಿನ ಅಗ್ಗದ ಚಿಪ್‌ಗೆ ಅದು ಏನೂ ಅಲ್ಲ.